ಕಾರ್ನೆಗಿ ಹಾಲಿನಲ್ಲಿ ನೆನಪಾದ ನಟಿ

ನ್ಯೂಯಾರ್ಕ್ ನಗರದ 57ನೆಯ ಬೀದಿಯೂ ಏಳನೆಯ ಅವೆನ್ಯೂ ಎಂಬ ಹೆದ್ದಾರಿಯೂ ಕೂಡುವ ಮೂಲೆಯಲ್ಲಿ ನಾವು ನಿಂತಾಗ, ಸುತ್ತಲಿನ ಗಗನಚುಂಬಿ ಸೌಧಗಳ ನಡುವೆ ಕಾರ್ನೆಗಿ ಹಾಲ್ ಗಿಡ್ಡದಾಗಿಯೇ ಕಂಡಿತು. ಕಂದುಬಣ್ಣದ ಇಟ್ಟಿಗೆಯ ಗೋಡೆ, ಸಾಲುಸಾಲಾದ ಕಮಾನುಗಳು. ಜಗತ್ತಿನ ಸಂಗೀತಗಾರರೆಲ್ಲ ಹಾತೊರೆಯುವ ಸ್ಥಳ ಇದೇ ಏನು ಎಂದು ಒಂದು ಕ್ಷಣ ಅನುಮಾನಿಸಿದೆವು. ಒಳಗೆ ಕಾಲಿಟ್ಟ ಮೇಲೆ ಆ ಅನುಮಾನ ಉಳಿಯಲಿಲ್ಲ.

ಉಕ್ಕಿನ ಉದ್ಯಮದಲ್ಲಿ ಅಪಾರ ಸಂಪತ್ತು ಗಳಿಸಿದ ಆಂಡ್ರ್ಯೂ ಕಾರ್ನೆಗಿಯವರ ಹಣದಿಂದ ನಿರ್ಮಾಣವಾದ ಈ ಸಭಾಭವನ 1891ರ ಮೇ 5ರಂದು ಉದ್ಘಾಟನೆಗೊಂಡಿತು. ರಷ್ಯಾದ ಮಹಾನ್ ಸಂಗೀತಕಾರ ಚೈಕೋವ್‌ಸ್ಕಿ ಆ ಸಂದರ್ಭಕ್ಕೆಂದೇ ಬಂದು ತಮ್ಮ ಕೃತಿಯನ್ನು ಸ್ವತಃ ನಿರ್ದೇಶಿಸಿದರು. ಕಟ್ಟಡದ ಶಿಲ್ಪಿ ವಿಲಿಯಂ ಟುತಿಲ್ ತಾವೇ ಚೆಲ್ಲೋ ನುಡಿಸಬಲ್ಲವರಾಗಿದ್ದರು. ಸುಮಾರು 2800 ಆಸನಗಳ ಈ ಭವನದ ಮೇಲಿನ ಅಂತಸ್ತನ್ನು ಮುಟ್ಟಲು 137 ಮೆಟ್ಟಿಲು ಹತ್ತಬೇಕು. ಹತ್ತಿ ದಣಿದು ಕುಳಿತ ನಮಗೆ, ಬಹಳ ಕೆಳಗೆ ಕಾಣುತ್ತಿದ್ದ ವೇದಿಕೆಯನ್ನು ನೋಡುತ್ತ ನೆನಪಾದವರು ಒಬ್ಬ ರಂಗನಟಿ.

ಆಕೆಯ ಹೆಸರು ಹೆಲೆನಾ ಮೊಜೆಸ್ಕಾ. 1840ರಲ್ಲಿ ಪೋಲೆಂಡಿನ ಕ್ರಾಕುವ್ ನಗರದಲ್ಲಿ ಜನಿಸಿದರು. ಆಗ ಪೋಲೆಂಡ್ ಮೂರು ನೆರೆಯ ಸಾಮ್ರಾಜ್ಯಗಳ ಪಾಲಾಗಿತ್ತು. ತಾಯ್ನಾಡಿನ ರಂಗಭೂಮಿಯಲ್ಲಿ ಅಗ್ರಸ್ಥಾನಕ್ಕೇರಿದ್ದ ಈಕೆ 1876ರಲ್ಲಿ ಪತಿಯೊಡನೆ ಅಮೆರಿಕಕ್ಕೆ ಬಂದು ಕ್ಯಾಲಿಫೋರ್ನಿಯಾದಲ್ಲಿ ಒಕ್ಕಲುತನ ಹೂಡಿದರು. ಭೂಮಿ ಕೈಹಿಡಿಯಲಿಲ್ಲ. ಆಕೆ ಎದೆಗುಂದದೆ ಇಂಗ್ಲಿಷ್ ಭಾಷೆಯನ್ನು ಕಲಿತು, 1877ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ರಂಗಮಂಚವೇರಿ ಹೊಸ ನಾಡಿನಲ್ಲಿಯೂ ಕೀರ್ತಿ ಪಡೆದರು.

ಊರಿಗೆ ಮರಳಿ ಬಂದಿದ್ದ 1884ರಲ್ಲಿ, ಬೆಟ್ಟದ ತಪ್ಪಲಿನ ಜಕೊಪಾನೆ ಎಂಬ ಊರಿನಲ್ಲಿ ಆಕೆಗೆ ಇಗ್ನಾತ್ಸಿ ಪಾಡೆರೆವ್‌ಸ್ಕಿ ಎಂಬ ತರುಣ ಪಿಯಾನೋ ವಾದಕನ ಪರಿಚಯವಾಯಿತು. ಎಳೆಯ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡು, ರೋಗಪೀಡಿತ ಮಗನ ಭಾರ ಹೊತ್ತಿದ್ದ ತರುಣ ಆತ. ವಿಯೆನ್ನಾದ ಪ್ರಸಿದ್ಧ ಗುರು ಲೆಶೆಟಿಟ್ಸ್ಕಿಯವರಲ್ಲಿ ಕಲಿಯುವ ಹಂಬಲವಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆತನ ಬೆರಳುಗಳಲ್ಲಿದ್ದ ಪ್ರತಿಭೆಯನ್ನು ಮೊಜೆಸ್ಕಾ ಗುರುತಿಸಿದರು. ನಮ್ಮ ನಾಟಕ ಕಂಪನಿಗಳವರು ಕಷ್ಟಕ್ಕೆ ಸಿಕ್ಕ ಕಲಾವಿದನಿಗಾಗಿ ಸಹಾಯಾರ್ಥ ನಾಟಕ ಆಡುತ್ತಿದ್ದಂತೆ, ಕ್ರಾಕುವ್‌ನಲ್ಲಿ ಆತನಿಗಾಗಿ ಒಂದು ಕಾರ್ಯಕ್ರಮ ನಡೆಯಿತು. ಆತ ಪಿಯಾನೋ ನುಡಿಸಿದ, ಆಕೆ ಕವಿತೆಗಳನ್ನು ವಾಚಿಸಿದರು. ಜನ ಕಿಕ್ಕಿರಿದದ್ದು ಆಕೆಯ ಹೆಸರಿಗೆ. ಹಣ ಸಂದದ್ದು ಆ ತರುಣನ ವಿದ್ಯೆಗೆ.

ಏಳು ವರ್ಷಗಳು ಕಳೆದವು. 1891ರ ನವೆಂಬರ್ 17ರಂದು, ತೆರೆದು ಇನ್ನೂ ಏಳು ತಿಂಗಳೂ ತುಂಬದಿದ್ದ ಈ ಭವನದಲ್ಲಿ ಪಾಡೆರೆವ್‌ಸ್ಕಿ ಅಮೆರಿಕದ ಜನರೆದುರು ಮೊದಲ ಬಾರಿಗೆ ನುಡಿಸಿದರು. ಆ ಪ್ರವಾಸದಲ್ಲಿಯೇ ದೇಶದಾದ್ಯಂತ ನೂರಕ್ಕೂ ಹೆಚ್ಚು ಕಚೇರಿಗಳಾದವು. ಅವರ ಹೆಸರು ಮನೆಮಾತಾಯಿತು.

ಕೀರ್ತಿ ಬಂದಾಗ ಏಣಿಯನ್ನು ಮರೆಯುವವರುಂಟು. ಪಾಡೆರೆವ್‌ಸ್ಕಿ ಮರೆಯಲಿಲ್ಲ. ಆಕೆ ಅರವತ್ತೈದನೆಯ ವಯಸ್ಸಿನ ಹೊಸ್ತಿಲಲ್ಲಿದ್ದಾಗ, ಅವರ ಪ್ರೇರಣೆಯಿಂದಲೇ 1905ರ ಮೇ 2ರಂದು ಇದೇ ನಗರದ ಮೆಟ್ರೋಪಾಲಿಟನ್ ಒಪೆರಾ ಹೌಸ್‌ನಲ್ಲಿ ಮೊಜೆಸ್ಕಾ ಅವರ ಗೌರವಾರ್ಥ ಸಮಾರಂಭ ಜರುಗಿತು. ಒಮ್ಮೆ ಕ್ರಾಕುವ್‌ನಲ್ಲಿ ಆಕೆ ಆತನಿಗಾಗಿ ಮಾಡಿದ್ದನ್ನು, ಇಪ್ಪತ್ತೊಂದು ವರ್ಷಗಳ ನಂತರ ಆತ ಆಕೆಗಾಗಿ ಮಾಡಿಸಿದಂತಾಯಿತು. 1909ರಲ್ಲಿ ಆಕೆ ಕಾಲವಾದರು. ಸ್ವತಂತ್ರ ಪೋಲೆಂಡನ್ನು ಕಾಣುವ ಭಾಗ್ಯ ಆಕೆಗೆ ದೊರೆಯಲಿಲ್ಲ. ಆದರೆ ಆಕೆ ಕೈಹಿಡಿದು ನಡೆಸಿದ ವಾದಕ 1919ರಲ್ಲಿ ಅದೇ ಸ್ವತಂತ್ರ ಪೋಲೆಂಡಿನ ಪ್ರಧಾನಿಯಾದರು!

ಋಣ ತೀರಿಸಿದ ಆ ಹಳೆಯ ಒಪೆರಾ ಹೌಸ್ ಇಂದು ಇಲ್ಲ. 1967ರಲ್ಲಿ ಅದನ್ನು ಕೆಡವಿದರು. ಕಾರ್ನೆಗಿ ಹಾಲ್ ಕೂಡ ನೆಲಸಮವಾಗುವುದರಲ್ಲಿತ್ತು. ಪಿಟೀಲು ವಾದಕ ಐಸಾಕ್ ಸ್ಟರ್ನ್ ಮುಂದಾಳಾಗಿ ನಡೆಸಿದ ಹೋರಾಟದ ಫಲವಾಗಿ 1960ರಲ್ಲಿ ನಗರಾಡಳಿತವೇ 50 ಲಕ್ಷ ಡಾಲರಿಗೆ ಅದನ್ನು ಕೊಂಡು ಉಳಿಸಿಕೊಂಡಿತು.

ಮೆಟ್ಟಿಲಿಳಿದು ಹೊರಬಂದು ನಾವು ಮತ್ತೊಮ್ಮೆ ತಲೆಯೆತ್ತಿ ನೋಡಿದೆವು. ಕಟ್ಟಿಸಿದ ಧನಿಕನ ಹೆಸರನ್ನು ಗೋಡೆ ಹೊತ್ತು ನಿಂತಿದೆ, ಅದು ನ್ಯಾಯವೇ. ಆದರೆ ಒಬ್ಬ ಬಡ ತರುಣನನ್ನು ಈ ವೇದಿಕೆಯ ದಾರಿಗೆ ಹಚ್ಚಿದ ನಟಿಗೆ ಯಾವ ಗೋಡೆ ಬೇಕು? ಹಣವಿದ್ದವರು ಮಂದಿರ ಕಟ್ಟಿಸಬಹುದು. ಗುಣವನ್ನು ಗುರುತಿಸಿ ಒಂದು ಸಂಜೆಯ ದುಡಿಮೆಯನ್ನು ಧಾರೆಯೆರೆಯಲು ದೊಡ್ಡ ಸಿರಿವಂತಿಕೆ ಬೇಕಿಲ್ಲ. ಪ್ರತಿಭೆಯಿದ್ದೂ ಕಾಸಿಲ್ಲದೆ ಬಾಗಿಲಲ್ಲೇ ನಿಂತ ಹುಡುಗನೋ ಹುಡುಗಿಯೋ ನಮ್ಮ ಓಣಿಯಲ್ಲಿಯೂ ಇರಬಹುದು. ಊರಿಗೆ ಮರಳಿದೊಡನೆ ಆ ಕಡೆ ಕಣ್ಣು ಹಾಯಿಸಬೇಕೆಂದು ನಿಶ್ಚಯಿಸಿಕೊಂಡು ಮುಂದೆ ನಡೆದೆವು.