ಬದುಕಿ ಉಳಿದದ್ದೇ ತಪ್ಪಾಯಿತು

70,000 ಅಡಿ ಎತ್ತರಕ್ಕೆ ಯಾವ ಕ್ಷಿಪಣಿಯೂ ಏರದು ಎಂಬ ಧೈರ್ಯದಿಂದ ಅಮೆರಿಕ 1956ರಿಂದ ಸೋವಿಯತ್ ನೆಲದ ಮೇಲೆ ಯು-2 ಗೂಢಚಾರ ವಿಮಾನಗಳನ್ನು ಹಾರಿಸುತ್ತಿತ್ತು. ಉದ್ದ ರೆಕ್ಕೆ, ಹಗುರ ಮೈ, ಹೊಟ್ಟೆಯಲ್ಲಿ ಕ್ಯಾಮೆರಾ, ಒಬ್ಬನೇ ಪೈಲಟ್.

1960ರ ಮೇ 1ರಂದು ಆ ಧೈರ್ಯ ಉಡುಗಿತು. ಪೆಶಾವರದಿಂದ ಹೊರಟ ಗ್ಯಾರಿ ಪವರ್ಸ್‌ನ ವಿಮಾನವನ್ನು ಸ್ವೆರ್ಡ್ಲೊವ್‌ಸ್ಕ್ ಬಳಿ ಕ್ಷಿಪಣಿ ಕೆಡವಿತು. ಅಷ್ಟೆತ್ತರದಿಂದ ಬಿದ್ದವನು ಬದುಕಿರಲಾರ ಎಂದುಕೊಂಡ ವಾಷಿಂಗ್ಟನ್, ಅದು ದಾರಿ ತಪ್ಪಿದ ಹವಾಮಾನ ವಿಮಾನ ಎಂದಿತು. ಕ್ರುಶ್ಚೇವ್ ಸುಳ್ಳು ಪೂರ್ತಿ ಹೊರಬರುವ ತನಕ ಕಾದು, ಪೈಲಟ್ ಜೀವಂತ ಸಿಕ್ಕಿದ್ದಾನೆ ಎಂದರು. ಪ್ಯಾರಿಸ್ ಶೃಂಗಸಭೆ ಮುರಿದುಬಿತ್ತು.

ಪವರ್ಸ್ ಬಳಿ ವಿಷದ ಸೂಜಿಯಿತ್ತು. ಚುಚ್ಚಿಕೊಳ್ಳಲೇಬೇಕೆಂಬ ಆಜ್ಞೆ ಇರಲಿಲ್ಲ, ಆತ ಚುಚ್ಚಿಕೊಳ್ಳಲಿಲ್ಲ. 1962ರಲ್ಲಿ ಬರ್ಲಿನ್ ಅಂಚಿನ ಸೇತುವೆಯ ಮೇಲೆ ಸೋವಿಯತ್ ಗೂಢಚಾರ ಅಬೆಲ್‌ಗೆ ಬದಲಾಗಿ ಬಿಡುಗಡೆಯಾಗಿ ದೇಶಕ್ಕೆ ಮರಳಿದಾಗ, ಜನ ಸಿಟ್ಟಾದದ್ದು ಯಾರ ಮೇಲೆ? ಸುಳ್ಳು ಹೇಳಿದವರ ಮೇಲಲ್ಲ. ಸೂಜಿ ಯಾಕೆ ಬಳಸಲಿಲ್ಲವೆಂದು ಆತನನ್ನೇ ಕೇಳಿದರು. ದೊಡ್ಡವರ ಸುಳ್ಳು ನಿಲ್ಲಬೇಕಾದರೆ ಚಿಕ್ಕವನೊಬ್ಬ ಸಾಯಬೇಕಿತ್ತು.

ವಿಚಾರಣೆಯಲ್ಲಿ ತಪ್ಪಿಲ್ಲವೆಂದಾದರೂ ಕಳಂಕ ಉಳಿಯಿತು. 1977ರಲ್ಲಿ ಆತ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ. ಶೌರ್ಯಕ್ಕೆ ಕೊಡುವ ಸಿಲ್ವರ್ ಸ್ಟಾರ್ ಪದಕ ಬಂದದ್ದು 2012ರಲ್ಲಿ. ಅದನ್ನು ಮೊಮ್ಮಕ್ಕಳು ಸ್ವೀಕರಿಸಿದರು.