ಕೆರಾಡಿಗೆ ಒಂದೇ ದಿನಕ್ಕೆ ಬರುವವರಿಗೆ

ಹ್ವಾಯ್, 'ಕಾಂತಾರ ಶೂಟಿಂಗ್ ಆದ ಜಾಗ ಎಲ್ಲಿ?' ಅಂತ ಕೇಳಿಕೊಂಡು ಬರುವವರು 2022ರಿಂದ ಹೆಚ್ಚು. ಸೆಟ್ ಹುಡುಕಬೇಡಿ ಮಾರಾಯ್ರೆ, ಅಡಿಕೆ ತೋಟ, ಗದ್ದೆ, ಕಾಡು ನೋಡಿ. ಆ ಸಿನಿಮಾ ನಿರ್ದೇಶಿಸಿದ ರಿಷಬ್ ಶೆಟ್ಟಿಯವರ ಊರು ಕೆರಾಡಿಯೇ.

ಬೆಳಿಗ್ಗೆಯೇ ಮೂಡುಗಲ್ಲಿನ ಕೇಶವನಾಥೇಶ್ವರ ಗುಹಾಲಯಕ್ಕೆ ಹೊರಡಿ. ಗುಹೆಯೊಳಗೆ ನೀರು, ನೀರಲ್ಲಿ ಮೀನು, ಒಳಗೆ ಶಿವ. ಪ್ಯಾಂಟು ಮಡಚಿಕೊಳ್ಳಿ, ಮೀನು ಕಾಲಿಗೆ ಮುತ್ತಿದರೆ ಕೂಗಬೇಡಿ. ಅವು ದೇವರ ಮೀನು, ಸಾರಿನವಲ್ಲ! ಮಳೆಗಾಲದಲ್ಲಿ ಇಂಬಳ ಇರುತ್ತದೆ. ಜೇಬಲ್ಲಿ ಚೂರು ಉಪ್ಪಿರಲಿ.

ಊಟಕ್ಕೆ ಇಲ್ಲಿ ದೊಡ್ಡ ಹೋಟೆಲ್ ಹುಡುಕಿ ಹೊತ್ತು ಕಳೆಯಬೇಡಿ. ಯಾರಾದರೂ 'ಉಂಡ್ಕಂಡ್ ಹೋಯ್ನಿ' ಅಂದರೆ ಸಂಕೋಚ ಬಿಟ್ಟು ಕೂತುಬಿಡಿ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮಾವಿನ ಮಿಡಿ ಉಪ್ಪಿನಕಾಯಿ ಸಿಕ್ಕಿತೋ, ಆ ದಿನ ಗೆದ್ದಿರಿ. ಇಲ್ಲವಾದರೆ ಕುಂದಾಪುರಕ್ಕೆ ಇಳಿಯಿರಿ. ಚಿಕನ್ ಘೀ ರೋಸ್ಟ್ ಹುಟ್ಟಿದ್ದೇ ಅಲ್ಲಿ. ಅದನ್ನು ನೀರುದೋಸೆ ಜೊತೆ ತಿನ್ನಿ, ಫ್ರೈಡ್ ರೈಸ್ ಜೊತೆ ಆರ್ಡರ್ ಮಾಡಿದವರನ್ನು ಕಂಡರೆ ನನಗೆ ಬೇಜಾರು. ಮಸಾಲೆ ಬ್ಯಾಡಗಿ ಮೆಣಸಿನದು, ಬಣ್ಣ ನೋಡಿ ಹೆದರಬೇಡಿ.

ಹೊತ್ತು ಮುಳುಗುವ ಮೊದಲು ಮರವಂತೆ. ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯಬೇಡಿ, ದಡದ ಮೇಲೆಯೇ ನಿಂತು ನೋಡಿ.