ಕಡಲ ಮುಂದೆ ಸಿರುಮುಗೈ ದಂಪತಿ

ಕೊಯಮತ್ತೂರು, ತಿರುಪ್ಪೂರು ಕಡೆಯ ಬಡವರು ಚೆನ್ನೈಯ ಕಡಲನ್ನು ಮೊದಲ ಸಲ ಕಾಣುವುದು ವಿಹಾರಕ್ಕೆಂದು ಹೋಗಿ ಅಲ್ಲ. ಆಸ್ಪತ್ರೆ, ಸರಕಾರಿ ಕಚೇರಿ, ಇಲ್ಲವೇ ಹೈಕೋರ್ಟಿನ ಕೆಲಸ ಮುಗಿದು, ರಾತ್ರಿಯ ರೈಲಿಗೆ ಇನ್ನೂ ಹೊತ್ತಿದ್ದಾಗ ಮರೀನಾ ನೆನಪಾಗುತ್ತದೆ. 2004ರಲ್ಲಿ ಮದುರೆಯಲ್ಲಿ ಹೈಕೋರ್ಟಿನ ಪೀಠ ಆರಂಭವಾದರೂ ಈ ಎರಡು ಸೀಮೆಗಳು ಅದರ ವ್ಯಾಪ್ತಿಗೆ ಬರಲಿಲ್ಲ. ವ್ಯಾಜ್ಯವಿದ್ದವರು ಸುಮಾರು ಐನೂರು ಕಿಲೋಮೀಟರ್ ಪ್ರಯಾಣ ಮಾಡಲೇಬೇಕು.

ಭವಾನಿ ನದಿಯ ದಡದ ಸಿರುಮುಗೈಯಿಂದ ಹೊರಟ ದೇವಾಂಗ ನೇಕಾರ ದಂಪತಿಯೂ ಹಾಗೆಯೇ ಬಂದವರು. ಇಬ್ಬರಿಗೂ ಅರುವತ್ತು ದಾಟಿದೆ. ಹಿರಿಯರ ಮನೆಯ ಪಾಲಿನ ವ್ಯಾಜ್ಯ ಎರಡನೆಯ ಅಪೀಲಿನ ಹಂತಕ್ಕೆ ಬಂದಿತ್ತು. ಮೆಟ್ಟುಪಾಳ್ಯದಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರು. ಬನಿಯನ್ ಕಂಪನಿಯಲ್ಲಿ ದುಡಿಯುವ ಹೆಂಡತಿಯ ತಮ್ಮ ತಿರುಪ್ಪೂರಿನಲ್ಲಿ ಜೊತೆಯಾದ. ಮರುದಿನ ಎದುರು ಪಕ್ಷದ ವಕೀಲರು ಕಾಲಾವಕಾಶ ಕೇಳಿದರು. ನಾಲ್ಕು ವಾರಗಳ ವಾಯಿದೆ ಬಿತ್ತು. ಹೊರಗೆ ಬಂದು ಮುದುಕ ಕೆಂಪು ಕಟ್ಟಡದ ಗೋಪುರವನ್ನು ಬಹಳ ಹೊತ್ತು ನೋಡಿದ. 1892ರಲ್ಲಿ ತೆರೆದ ಆ ಕಟ್ಟಡದ ನೆತ್ತಿಯ ಮೇಲೆ 1894ರಿಂದ 1977ರ ತನಕ ಹಡಗುಗಳಿಗೆ ದಾರಿ ತೋರುವ ದೀಪ ಉರಿಯುತ್ತಿತ್ತು. ದೀಪವಿತ್ತೆಂದರೆ ಕಡಲು ಹತ್ತಿರವೇ ಇರಬೇಕೆಂದು ಹೆಂಡತಿ ಹೇಳಿದಳು.

ಬಸ್ಸು ಕೋಟೆಯನ್ನು ದಾಟಿ ನೇಪಿಯರ್ ಸೇತುವೆಗೆ ಬಂದಾಗ ಮೊದಲು ಸಿಕ್ಕಿದ್ದು ಕಡಲಲ್ಲ, ಕೂವಂ ನದಿಯ ವಾಸನೆ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತಮ್ಮನಿಗೆ ಅದು ಹೊಸದಾಗಿರಲಿಲ್ಲ. ಬಣ್ಣದ ನೀರು ಹರಿದ ನೊಯ್ಯಲ್ ನದಿಯನ್ನು ಕಂಡವನು ಅವನು. ಇಳಿದ ಮೇಲೆಯೂ ನೀರು ದೂರ. ರಸ್ತೆಯಿಂದ ಅಲೆಗಳ ತನಕ ಮರಳೇ ಮರಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆಗಳು ಎದ್ದಮೇಲೆ, ತೆಂಕಣಿಂದ ಬಡಗಣಕ್ಕೆ ಸಾಗುತ್ತಿದ್ದ ಮರಳು ಇಲ್ಲಿ ತಂಗಿತು. ಬಂದರಿನ ಬಡಗು ದಿಕ್ಕಿನ ರಾಯಪುರದ ಕಡೆ ದಡ ಕೊರೆಯಿತು. ಮರೀನಾದ ವೈಶಾಲ್ಯವನ್ನು ಹೊಗಳುವವರು ಈ ಇನ್ನೊಂದು ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಕಡಲನ್ನು ಕಂಡಾಗ ಇಬ್ಬರೂ ಮಾತಾಡಲಿಲ್ಲ. ಆಕೆ ಕೈ ಮುಗಿದಳು. ಆಮೇಲೆ ಒಂದೊಂದಾಗಿ ದೂರುಗಳು ಹೊರಟವು. ಸಮುದ್ರಸ್ನಾನದ ಪುಣ್ಯವಾದರೂ ಸಿಗಲೆಂದು ಬದಲಿ ಸೀರೆ ತಂದಿದ್ದಳು. ಇಲ್ಲಿ ಒಳಸೆಳೆತ ಹೆಚ್ಚು, ಮಿಂದವರು ಸತ್ತಿದ್ದಾರೆಂದು ಪೊಲೀಸರು ತಡೆದರು. ಸೂರ್ಯ ನೀರಿನಲ್ಲಿ ಮುಳುಗುವುದನ್ನು ಸಿನೆಮಾಗಳಲ್ಲಿ ನೋಡಿದ್ದಳು; ಇಲ್ಲಿ ಅವನು ಬೆನ್ನ ಹಿಂದೆ, ಪ್ರೆಸಿಡೆನ್ಸಿ ಕಾಲೇಜಿನ ಆಚೆಗೆ ಇಳಿದ. ಕಾಲ ಬಳಿ ಪ್ಲಾಸ್ಟಿಕ್ ಚೀಲಗಳು ತೇಲಿ ಬಂದವು. 2004ರ ಡಿಸೆಂಬರ್ 26ರ ಬೆಳಿಗ್ಗೆ ಇದೇ ದಡಕ್ಕೆ ಸುನಾಮಿ ನುಗ್ಗಿತ್ತೆಂದು ತಮ್ಮ ನೆನಪಿಸಿದಾಗ ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಪಾದವನ್ನಷ್ಟೇ ನೆನೆಸಿಕೊಂಡು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ನಮ್ಮ ಭವಾನಿಯೂ ಕಾವೇರಿಯನ್ನು ಕೂಡಿ ಕಡೆಗೆ ಇದಕ್ಕೇ ಬರುತ್ತಾಳಲ್ಲವೇ ಎಂದು ಗಂಡನನ್ನು ಕೇಳಿದಳು. ಹೌದು, ಪೂಂಪುಹಾರಿನ ಬಳಿ ಎಂದ ಅವನು.

ಸುಂಡಲ್ ಮಾರುವ ಹುಡುಗ ಅವರ ಮಾತನ್ನು ಕೇಳಿ, ಬೆಂಗಳೂರಿನವರೇ ಎಂದು ತಮಿಳಿನಲ್ಲಿ ವಿಚಾರಿಸಿದ. ಕೋವೈ ಎಂದಾಗ ನಂಬಲಿಲ್ಲ. ಅಲ್ಲಿ ಕನ್ನಡ ಎಲ್ಲಿದೆ ಎಂದ. ನಮ್ಮ ಮನೆಯಲ್ಲಿದೆ ಎಂದು ಆಕೆ ತಮಿಳಿನಲ್ಲಿಯೇ ಉತ್ತರಿಸಿದಳು. ಹುಡುಗನದು ತಪ್ಪಲ್ಲ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು, ಮಂಗಳೂರಿನವರಿಗೂ ಮದರಾಸೇ ರಾಜಧಾನಿಯಾಗಿತ್ತು ಎಂಬುದನ್ನು ಅವನಿಗೆ ಯಾರು ಹೇಳಬೇಕು? ಗಡಿ ಬದಲಾದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು. ಸಿರುಮುಗೈಯ ಮಗ್ಗಗಳು ಇದ್ದಲ್ಲಿಯೇ ಉಳಿದವು. ಮನೆಯಲ್ಲಿ ಕನ್ನಡ ಉಳಿಯಿತು, ಅಕ್ಷರ ಉಳಿಯಲಿಲ್ಲ. ಈ ಪತ್ರಿಕೆಯನ್ನೂ ಆ ದಂಪತಿಗೆ ಇನ್ನೊಬ್ಬರು ಓದಿ ಹೇಳಬೇಕು.

ಹಿಂದಿರುಗುವಾಗ ರಸ್ತೆಯ ಬದಿಯ ಪ್ರತಿಮೆಗಳನ್ನು ನೋಡುತ್ತಾ ನಡೆದರು. ಬಂಡೆಯನ್ನು ಸರಿಸುತ್ತಿರುವ ನಾಲ್ವರು ದುಡಿಮೆಗಾರರ ಮುಂದೆ ಮುದುಕ ನಿಂತ. ಶಿಲ್ಪಿ ದೇವಿಪ್ರಸಾದ ರಾಯ್ ಚೌಧರಿಯವರ ಈ ಕೃತಿ 1959ರಿಂದ ಅಲ್ಲಿದೆ. ಸೊಂಟದ ನೋವನ್ನು ಬಲ್ಲವನು ಮಾಡಿದ್ದಾನೆ ಎಂಬುದು ಅವನ ಅಭಿಪ್ರಾಯ. ಕುಣಿಮಗ್ಗದಲ್ಲಿ ನಲವತ್ತು ವರ್ಷ ಕುಳಿತವನ ಮಾತಾದ್ದರಿಂದ ಅದನ್ನು ವಿಮರ್ಶೆಯೆಂದೇ ಒಪ್ಪಬೇಕು. ಅನಂತರ 1968ರ ವಿಶ್ವ ತಮಿಳು ಸಮ್ಮೇಳನದ ಸಂದರ್ಭದಲ್ಲಿ ನಿಲ್ಲಿಸಿದವು: ತಿರುವಳ್ಳುವರ್, ಅವ್ವೈಯಾರ್, ಕಂಬರ್. ಅವುಗಳ ನಡುವೆ ಒಬ್ಬ ಪಾದ್ರಿ. ಹೆಸರನ್ನು ತಮ್ಮ ತಮಿಳಿನಲ್ಲಿ ಓದಿದ, ಕಾಲ್ಡ್‌ವೆಲ್. ಮೂವರಿಗೂ ಗುರುತಿಲ್ಲದ ಹೆಸರು. ತಮಿಳು, ತೆಲುಗು, ಮಲಯಾಳಗಳೊಡನೆ ಕನ್ನಡವೂ ತುಳುವೂ ಒಂದೇ ಬಳ್ಳಿಯವು ಎಂದು 1856ರ ತನ್ನ ವ್ಯಾಕರಣದಲ್ಲಿ ವಿಸ್ತಾರವಾಗಿ ತೋರಿಸಿದವನು ಇವನೇ. ಆ ಉದ್ದ ರಸ್ತೆಯಲ್ಲಿ ಇವರ ಮನೆಮಾತನ್ನು ಅಷ್ಟು ಕೂಲಂಕಷವಾಗಿ ಓದಿದ್ದ ಆ ವಿದೇಶಿಯನನ್ನು ದಾಟಿ ಅವರು ಬಸ್ಸಿಗೆ ಓಡಿದರು.

ರೈಲಿನಲ್ಲಿ ಆಕೆ ನೀರಿನ ಬಾಟಲಿಯನ್ನು ತೆಗೆದಳು. ಅದರಲ್ಲಿ ಕಡಲ ನೀರಿತ್ತು. ನಾಳೆ ಮನೆಯಲ್ಲಿ ಮೀಯುವಾಗ ತಲೆಗೆ ಹಾಕಿಕೊಳ್ಳುವುದಾಗಿ ಹೇಳಿದಳು. ನಾಲ್ಕು ವಾರ ಬಿಟ್ಟು ತಾನೊಬ್ಬನೇ ಬಂದರೆ ಸಾಕು, ಇಬ್ಬರ ಖರ್ಚು ಏಕೆ ಎಂದ ಗಂಡ. ಆಕೆ ಉತ್ತರಿಸಲಿಲ್ಲ, ಮುಂದಿನ ವಾಯಿದೆಯ ತಾರೀಖು ಯಾವುದೆಂದು ತಮ್ಮನನ್ನು ಕೇಳಿ ತಿಳಿದುಕೊಂಡಳು.